ಹನ್ನೊಂದನೆಯ ಗಂಡು, ಹದಿನಾಲ್ಕನೆಯ ಹೆಣ್ಣು

ಅಂದು ಬೆಳಗ್ಗೆ ತೊಳೆಯಲೆಂದು ನೀರಿನ ತೊಟ್ಟಿಯನ್ನು ಎರಡು ಮಾರು ಈಚೆಗೆ ಸರಿಸಿದ್ದರು. ನಾಲ್ಕು ತೋಳದ ಮರಿಗಳಲ್ಲಿ ಎರಡು ತೊಟ್ಟಿಯನ್ನು ಬಳಸಿಕೊಂಡು ಓಡಿದವು. ಮೂರನೆಯದು ನೇರ ಬಂದು ತೊಟ್ಟಿಯೊಳಗೆ ಬಿತ್ತು. ಅದರ ಹಿಂದೆಯೇ ಬಂದ ನಾಲ್ಕನೆಯದು ಅಂಚಿಗೆ ಎದೆ ಬಡಿದುಕೊಂಡು ನಿಂತು, ಏನು ಬಡಿಯಿತೆಂದು ಮೂಸಿತು.

"ಆಟದಾಗ ಬಿದ್ದದ ಬಿಡ್ರಿ," ಎಂದ ಪ್ರಾಣಿಪಾಲಕ.

ಮರಿಗಳಿಗೆ ಆಗ ಎಂಟು ತಿಂಗಳು. ಒಂದೊಂದನ್ನೇ ಹಿಡಿಸಿ, ಕತ್ತಲೆ ಕೋಣೆಗೆ ಒಯ್ದು ಕಣ್ಣಿಗೆ ಟಾರ್ಚ್ ಬಿಟ್ಟೆ. ಬೆಳಕು ಬಿದ್ದರೆ ಕಣ್ಣಿನ ಪಾಪೆ ಕಿರಿದಾಗಬೇಕು. ಎರಡರಲ್ಲಿ ಆಯಿತು, ಎರಡರಲ್ಲಿ ಆಗಲಿಲ್ಲ. ಅವು ಇಷ್ಟು ದಿನ ಆವರಣವನ್ನು ಬಾಯಿಪಾಠ ಮಾಡಿಕೊಂಡು ಓಡಾಡಿದ್ದವು. ತೊಟ್ಟಿ ಸರಿಸದಿದ್ದರೆ ಇನ್ನೂ ಎಷ್ಟು ದಿನ ನಮಗೆ ತಿಳಿಯುತ್ತಿರಲಿಲ್ಲವೋ.

ಇದಾದದ್ದು ಶಹಾಪುರದ ಹೊರವಲಯದ ಒಂದು ಸಣ್ಣ ಪ್ರಾಣಿಸಂಗ್ರಹಾಲಯದಲ್ಲಿ. ಈ ಭಾಗದ ಅಂಥ ಆರು ಸಂಗ್ರಹಾಲಯಗಳ ತೋಳಗಳ ವಂಶದ ಪುಸ್ತಕ ಇಡುವುದು ನನ್ನ ಕೆಲಸ. ಒಂದೊಂದು ಪ್ರಾಣಿಗೂ ಒಂದು ನಂಬರು, ತಾಯಿ ತಂದೆಯ ನಂಬರು, ಹುಟ್ಟಿದ ಕಾಲ, ಬಂದ ಜಾಗ. ಯಾವ ಗಂಡಿಗೆ ಯಾವ ಹೆಣ್ಣು ಎಂದು ಅದನ್ನು ನೋಡಿ ನಾನು ಬರೆದು ಕಳಿಸುತ್ತೇನೆ. ಬೀಗದ ಕೈ ಮಾತ್ರ ಆಯಾ ಊರಿನ ಅಧಿಕಾರಿಯ ಹತ್ತಿರ ಇರುತ್ತದೆ. ನಾನು ತುಮಕೂರಿನ ಕಡೆಯವಳು, ಪಶುವೈದ್ಯೆ. ಯಾದಗಿರಿಯಲ್ಲಿ ಮನೆ ಮಾಡಿ ನಾಲ್ಕು ವರ್ಷವಾಗಿದ್ದರೂ ಇಲ್ಲಿನವರಿಗೆ ನನ್ನ ಮಾತು ಜೋಗುಳದ ಹಾಗೆ, ನನಗೆ ಅವರ ಮಾತು ಜಗಳದ ಹಾಗೆ ಕೇಳುತ್ತಿತ್ತು. ತೊಟ್ಟಿ ಸರಿಸಿದ ಆ ದಿನದ ನಂತರದ ಮೂರು ತಿಂಗಳಲ್ಲಿ ಅದು ನಿಜವಾಗಿಯೂ ಜಗಳವೇ ಆಯಿತು.

ಆರು ಕಡೆಯ ತೋಳಗಳಲ್ಲಿ ಹೆಚ್ಚಿನವು ಒಂದೇ ಮುದಿ ಜೋಡಿಯ ಮೊಮ್ಮಕ್ಕಳು, ಮರಿಮಕ್ಕಳು. ಹೊಸ ರಕ್ತ ಬೇಕಾಗಿತ್ತು. ಪುಸ್ತಕದಲ್ಲಿ ಎರಡು ಪ್ರಾಣಿಗಳು ಮಾತ್ರ ಬಯಲಿನಿಂದ ಬಂದವು, ಯಾರಿಗೂ ನೆಂಟರಲ್ಲ. ಹನ್ನೊಂದನೆಯ ನಂಬರಿನ ಗಂಡು ಸುರಪುರದ ಕಡೆ ಕಾಲುವೆ ದಂಡೆಯಲ್ಲಿ ಸಿಕ್ಕಿದ್ದು. ಹದಿನಾಲ್ಕನೆಯ ನಂಬರಿನ ಹೆಣ್ಣು ಯಾದಗಿರಿ ರಸ್ತೆಯ ಪಕ್ಕ ಸಿಕ್ಕಿದ್ದು. ಹೆಣ್ಣನ್ನು ಮರಿಯಾಗಿದ್ದಾಗಲೇ ಬೇರೆ ಜಿಲ್ಲೆಗೆ ಕೊಟ್ಟಿದ್ದರು. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ನಾನು ಪತ್ರ ಬರೆದು, ಅದನ್ನು ಲಾರಿಯಲ್ಲಿ ಶಹಾಪುರಕ್ಕೆ ವಾಪಸ್ ತರಿಸಿ ಜೋಡಿ ಮಾಡಿದೆ. ಮೊದಲ ಸೂಲಿನ ಎರಡು ಮರಿಗಳು ಬೆಳೆದು ಬೇರೆ ಎರಡು ಸಂಗ್ರಹಾಲಯಗಳಿಗೆ ಹೋದವು. ಈ ನಾಲ್ಕು ಎರಡನೆಯ ಸೂಲಿನವು. ನಾನು ಮಾಡಿದ ಜೋಡಿಗಳಲ್ಲೆಲ್ಲ ಇದು ನನ್ನ ಹೆಮ್ಮೆ.

ಮೊದಲ ಸೂಲಿನ ಮರಿಗಳಿದ್ದ ಎರಡೂ ಕಡೆಗೆ ಫೋನ್ ಮಾಡಿದೆ. ಒಂದು ಕಡೆಯವರು ಏನೂ ಇಲ್ಲ ಎಂದರು. ಇನ್ನೊಂದು ಕಡೆಯವರು, ನಮ್ಮದು ಸಂಜೆಯಾದ ಮೇಲೆ ಗೋಡೆ ಬಿಟ್ಟು ಕದಲುವುದಿಲ್ಲ, ಅಂಜುಬುರುಕ ಪ್ರಾಣಿ ಎಂದುಕೊಂಡಿದ್ದೆವು ಎಂದರು.

ಒಂದೇ ಜೋಡಿಯ ಎರಡು ಸೂಲಿನಲ್ಲಿ ಮೂರು ಮರಿಗಳ ದೃಷ್ಟಿ ಹೋದರೆ ಅದಕ್ಕೆ ಸಾಮಾನ್ಯವಾಗಿ ಒಂದೇ ಅರ್ಥ. ತಾಯಿ ತಂದೆ ಎರಡರಲ್ಲೂ ಒಂದೇ ದೋಷ ಅಡಗಿಕೊಂಡಿದೆ. ಅಂದರೆ ಅವೆರಡೂ ಹತ್ತಿರದ ರಕ್ತ ಇರಬಹುದು. ಪುಸ್ತಕ ಅಲ್ಲ ಎನ್ನುತ್ತಿತ್ತು.

ತಾಯಿ ತಂದೆ ಎರಡರ ರಕ್ತ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದೆ. ಐಸ್ ಕರಗಿ, ಮಾದರಿ ದಾರಿಯಲ್ಲೇ ಕೆಟ್ಟಿತೆಂದು ಉತ್ತರ ಬಂತು. ಮತ್ತೆ ಕಳಿಸಿದೆ. ಫಲಿತಾಂಶಕ್ಕೆ ಮೂರು ನಾಲ್ಕು ತಿಂಗಳು ಎಂದರು. ನಮ್ಮ ಬಯಲಿನ ತೋಳಗಳು ಮಳೆಗಾಲ ಮುಗಿಯುತ್ತಲೇ ಬೆದೆಗೆ ಬರುತ್ತವೆ. ಸೆಪ್ಟೆಂಬರ್ ಆಗಲೇ ಅರ್ಧ ಕಳೆದಿತ್ತು.

ಜೋಡಿಯನ್ನು ಬೇರೆ ಮಾಡಿ ಎಂದು ಕೇಳಲು ಸಂಗ್ರಹಾಲಯದ ಅಧಿಕಾರಿಯ ಕೋಣೆಗೆ ಹೋದೆ. ಹೊಸ ಆವರಣ ಕಟ್ಟಿ ಮುಗಿಯುತ್ತಿತ್ತು. ಬರುವ ಬೇಸಿಗೆಗೆ ಅದರಲ್ಲಿ ಮೂರನೆಯ ಸೂಲಿನ ಮರಿಗಳನ್ನು ಜನರಿಗೆ ತೋರಿಸುವುದೆಂದು ಅವರು ಮೇಲಿನವರಿಗೆ ಆಗಲೇ ಬರೆದು ಹಾಕಿದ್ದರು.

"ಕಣ್ಣಿಂದು ವಿಟಮಿನ್ ಕೊರತಿರಿ ಮೇಡಂ," ಎಂದರು. "ಲಿವರ್ ಹಾಕ್ರಿ, ಸರಿ ಆಗ್ತದ."

"ಆಗುವುದಿಲ್ಲ ಸರ್. ಇದು ರಕ್ತದಲ್ಲಿ ಬಂದದ್ದು."

"ಜೋಡಿ ಮಾಡ್ರಿ ಅಂತ ಸಹಿ ಹಾಕಿದವ್ರು ಯಾರು?"

"ನಾನೇ."

"ಮತ್ತ ಈಗ ಬಿಡಸ್ರಿ ಅನ್ನವ್ರೂ ನೀವ. ನಿಮ್ಮ ಅನುಮಾನಕ್ಕ ನಾ ಗೇಟ್ ಹಾಕಂಗಿಲ್ಲ. ಕಾಗದ ತರ್ರಿ, ಹಾಕ್ತೀನಿ."

ಜೋಡಿ ಮಾಡಿದವಳೂ ನಾನೇ ಎಂಬ ಅವರ ಮಾತು ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು.

ಆ ವಾರ ಸಂಗ್ರಹಾಲಯದ ಹಳೆಯ ದಾಖಲೆಗಳನ್ನು ಮೊದಲಿನಿಂದ ಓದಿದೆ. ಗಂಡು ಮರಿ ಆರು ವರ್ಷದ ಹಿಂದೆ ಜನವರಿಯಲ್ಲಿ ಬಂದಿದೆ, ವಯಸ್ಸು ಒಂದು ತಿಂಗಳು. ಸರಿ. ಹೆಣ್ಣು ಮರಿ ಅದೇ ವರ್ಷ ಆಗಸ್ಟ್‌ನಲ್ಲಿ ಬಂದಿದೆ, ವಯಸ್ಸು ಒಂದು ತಿಂಗಳು; ಗುರುತು, ಎಡಗಿವಿಯ ತುದಿ ಹರಿದಿದೆ. ಈ ಸಾಲನ್ನು ಹಿಂದೆಯೂ ಓದಿದ್ದೆ. ಅಂದು ಓದಿದ್ದು ನಂಬರನ್ನು ಮಾತ್ರ. ಇಲ್ಲಿನ ತೋಳಗಳು ಚಳಿಗಾಲದಲ್ಲಿ ಮರಿ ಹಾಕುತ್ತವೆ. ಆಗಸ್ಟ್‌ನಲ್ಲಿ ಒಂದು ತಿಂಗಳ ಮರಿ ಎಂದರೆ ಅದು ನಡುಮಳೆಯಲ್ಲಿ ಹುಟ್ಟಿರಬೇಕು. ನಾನು ಅಂಥದ್ದನ್ನು ಕಂಡದ್ದೂ ಇಲ್ಲ, ಕೇಳಿದ್ದೂ ಇಲ್ಲ. ಲಸಿಕೆಯ ಕಾರ್ಡು ಹುಡುಕಿದೆ. ಎರಡು ತಿಂಗಳ ನಂತರ ಯಾರೋ ವೈದ್ಯರು, ಕೋರೆಹಲ್ಲು ಸೇರಿ ಎಲ್ಲ ಹಲ್ಲೂ ಹುಟ್ಟಿವೆ, ಹಾಲುಹಲ್ಲು ಉಳಿದಿಲ್ಲ ಎಂದು ಬರೆದಿದ್ದರು. ಮೂರು ತಿಂಗಳ ಮರಿಯ ಬಾಯಲ್ಲಿ ಅದು ಸಾಧ್ಯವಿಲ್ಲ. ಆರು ಏಳು ತಿಂಗಳು ತುಂಬಿರಲೇಬೇಕು.

ಪ್ರಾಣಿ ಸುಳ್ಳು ಹೇಳಿರಲಿಲ್ಲ. ದಾಖಲೆ ಹೇಳಿತ್ತು. ನಾನು ಮೂರು ವರ್ಷ ಅದರ ಮೇಲೆ ಜೋಡಿ ಕಟ್ಟಿದ್ದೆ.

ಎರಡೂ ದಾಖಲೆಗಳ ಕೆಳಗಿದ್ದದ್ದು ಒಬ್ಬ ಹಳೆಯ ಪಾಲಕರ ಸಹಿ. ಅವರು ನಿವೃತ್ತರಾಗಿ ರಂಗಂಪೇಟೆಯಲ್ಲಿ ಮಗನ ಹೊಲಿಗೆ ಅಂಗಡಿಯಲ್ಲಿ ಕೂರುತ್ತಿದ್ದರು. ಹೋದೆ. ಮಗನ ಜೊತೆ ದಖನಿಯಲ್ಲಿ ಮಾತಾಡುತ್ತ ಗುಂಡಿ ಹಚ್ಚುತ್ತಿದ್ದವರು, ನಾನು ಸಂಗ್ರಹಾಲಯದ ಹೆಸರೆತ್ತಿದ ಕೂಡಲೇ ಮಾತು ನಿಲ್ಲಿಸಿದರು. ಕೂರಲು ಹೇಳಲಿಲ್ಲ.

"ಚಾಚಾ, ಹದಿನಾಲ್ಕನೇ ಹೆಣ್ಣು ಎಲ್ಲಿಂದ ಬಂತು? ಇಷ್ಟು ಹೇಳಿ ಸಾಕು."

"ಬರದದಲ್ರಿ ದಾಖಲಾದಾಗ."

"ಬರೆದದ್ದು ಸುಳ್ಳು."

ಸೂಜಿ ಬಟ್ಟೆಗೆ ಚುಚ್ಚಿ ಇಟ್ಟರು. "ಇಪ್ಪತ್ತೆಂಟು ವರ್ಷ ಅಲ್ಲಿ ಹೇಲು ಬಳದೀನಿ. ಹೋಗೋ ದಿನ ಒಬ್ಬ ಬಂದು ಕೈ ಮುಟ್ಟಲಿಲ್ಲ. ಈಗ ಮನಿ ಬಾಗಲಿಗಿ ಬಂದು ಸುಳ್ಳ ಅಂತೀರಿ."

"ನಿಮ್ಮ ಮೇಲೆ ದೂರು ಹೇಳಲು ಬಂದಿಲ್ಲ. ಮರಿಗಳು ಕುರುಡಾಗಿವೆ."

"ಸಹಿ ನಂದು. ಮಾತು ನಂದಲ್ಲ," ಎಂದರು. "ಅವಾಗಿನ ಸಾಹೇಬ್ರು ಹೇಳಿದ್ರು, ನಾ ಬರದೆ. ಅವರು ಈಗ ಮಣ್ಣಾಗ ಹೋಗ್ಯಾರ. ನನ್ನ ಬಾಯಿಂದ ಅವರ ಇಜ್ಜತ್ ತೆಗಿಯಂಗಿಲ್ಲ. ದೋರನಹಳ್ಳಿ ಕುರಿಗಾರರನ್ನ ಕೇಳ್ರಿ. ಹೊಡದ್ರ ನನ್ನ ಹೆಸರು ಹೇಳಬ್ಯಾಡ್ರಿ." ಮತ್ತೆ ಸೂಜಿ ಎತ್ತಿಕೊಂಡರು. ನಾನು ಮೆಟ್ಟಿಲಿಳಿಯುವವರೆಗೆ ತಲೆ ಎತ್ತಲಿಲ್ಲ.

ದೋರನಹಳ್ಳಿಗೆ ಮೂರು ಸಲ ಹೋದೆ. ಊರಾಚೆ ಹೆಸರುಕಾಳು ಕಿತ್ತ ಹೊಲದಲ್ಲಿ ಮಂದೆಗಳು ತಂಗಿದ್ದವು. ಮೊದಲ ದಿನ ಜೀಪು ಕಂಡೊಡನೆ ನಾಲ್ಕಾರು ಗಂಡಸರು ಅಡ್ಡ ಬಂದು ನಿಂತರು. ಹಿಂದಿನ ವಾರವಷ್ಟೇ ತೋಳ ಹಟ್ಟಿಗೆ ನುಗ್ಗಿ ಎಂಟು ಕುರಿಮರಿ ಎಳೆದಿತ್ತು. "ನಮ್ಮ ಮರಿ ಹೋದಾಗ ನಿಮ್ಮ ಜೀಪು ಬರಲಿಲ್ಲ. ತ್ವಾಳದ ಮರಿಗಿ ಬಂದದ," ಎಂದ ಒಬ್ಬ. ಹಳೆಯ ಮರಿಗಳ ವಿಷಯ ಎತ್ತಿದ್ದೇ ತಡ, ಬಾನೆಟ್ಟಿಗೆ ಒಂದು ಕಲ್ಲು ಬಿತ್ತು. ಯಾರು ಎಸೆದರೆಂದು ನಾನು ನೋಡಲಿಲ್ಲ. ನೋಡಿದ್ದರೆ ಇಳಿದು ಜಗಳಕ್ಕೆ ನಿಲ್ಲುತ್ತಿದ್ದೆ. ಎರಡನೆಯ ಸಲ ಯಾರೂ ಮಾತನಾಡಲೇ ಇಲ್ಲ. ನಾನು ಕೇಳಿದ ಪ್ರಶ್ನೆಗಳು ಕುರಿಗಳಿಗೆ ಕೇಳಿದ ಹಾಗಾಯಿತು.

ಮೂರನೆಯ ಸಲ ಜೀಪನ್ನು ರಸ್ತೆಯಲ್ಲೇ ಬಿಟ್ಟು ನಡೆದು ಹೋದೆ. ಗಂಡಸರು ಮಂದೆಯ ಹಿಂದೆ ಹೋಗಿದ್ದರು. ಅರವತ್ತು ದಾಟಿದ ಒಬ್ಬ ಹೆಂಗಸು ಮಾತ್ರ ಇದ್ದಳು. ಈಯಲಾಗದೆ ಒದ್ದಾಡುತ್ತಿದ್ದ ಒಂದು ಕುರಿಯನ್ನು ಮೊಣಕಾಲ ನಡುವೆ ಹಿಡಿದಿದ್ದಳು. ಮರಿಯ ಕಾಲು ಮಡಚಿಕೊಂಡಿರುವುದು ನನಗೆ ದೂರದಿಂದಲೇ ತಿಳಿಯಿತು. ಚೀಲ ಇಳಿಸಿ ಮುಂದೆ ಹೋದೆ.

"ಮುಟ್ಟಬ್ಯಾಡ."

"ನಾನು ಡಾಕ್ಟರು ಅಮ್ಮ."

"ಇರು. ಮುಟ್ಟಬ್ಯಾಡ."

ಎಣ್ಣೆ ಹಚ್ಚಿದ ಕೈಯನ್ನು ಒಳಗೆ ಬಿಟ್ಟು ಮರಿಯನ್ನು ಹಿಂದಕ್ಕೆ ತಳ್ಳಿ, ಕಾಲು ನೆಟ್ಟಗೆ ಮಾಡಿ ಎಳೆದಳು. ನಾನು ಮಾಡಿದ್ದರೂ ಅಷ್ಟೇ ಮಾಡುತ್ತಿದ್ದೆ. ಕೈ ಒರೆಸಿಕೊಳ್ಳುತ್ತ, "ಮೂರು ಸಲ ಬಂದಿ. ಏನ್ ಬೇಕಾಗ್ಯಾದ ನಿನಗ?" ಎಂದಳು.

ಸುತ್ತಿ ಬಳಸಿ ಹೇಳುವ ತಾಳ್ಮೆ ಉಳಿದಿರಲಿಲ್ಲ. ಗಂಡು ಹೆಣ್ಣು ಎರಡನ್ನು ಬೇರೆ ಬೇರೆ ಕಡೆಯವು ಎಂದು ನಂಬಿ ಕೂಡಿಸಿದೆ, ಕುರುಡು ಮರಿ ಹುಟ್ಟಿವೆ, ಅವು ಒಡಹುಟ್ಟಿದವೇನೋ ಎಂಬ ಅನುಮಾನ ಎಂದೆ.

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ನಗಲೂ ಇಲ್ಲ. "ಎಷ್ಟು ಓದೀದಿ?"

ಹೇಳಿದೆ.

"ನಾ ಸಾಲಿ ಮೆಟ್ಟಲಾ ಹತ್ತಿಲ್ಲ. ಎರಡು ವರ್ಷಕ್ಕ ಟಗರು ಬದಲಿ ಮಾಡ್ತೀನಿ. ಯಾಕ? ತನ್ನ ಮಗಳ ಮ್ಯಾಲ ತಾನ ಬೀಳಬಾರದು ಅಂತ. ಕೂಡಸೂಕಿಂತ ಮೊದಲ ಕೇಳಬೇಕಾಗಿತ್ತು, ಈಗ ಕೇಳಾಕ ಬಂದಾಳ." ನೆಲಕ್ಕೆ ಉಗುಳಿದಳು. "ಎರಡೂ ಒಂದ ಗುದ್ದಿನ್ಯಾಗಿನವು."

ಗುದ್ದು ಎಂದರೆ ತೋಳ ಮರಿ ಹಾಕುವ ಬಿಲ. ಅನಂತರ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

"ಆ ವರ್ಷ ಒಂದ ವಾರದಾಗ ಹನ್ನೊಂದು ಮರಿ ಒಯ್ದಿತ್ತು. ಸುರಪುರ ಗುಡ್ಡದ ಕಡಿ, ಬಂಡಿಗಲ್ಲಿನ ಸಂದ್ಯಾಗ ಗುದ್ದು ಸಿಕ್ತು. ಸಲಕಿ ತಗೊಂಡು ನಾನ ಅಗದೀನಿ. ಐದಿದ್ದವು. ಮೂರು ನಾ ಖುದ್ದ ಹೊಡದೀನಿ. ನಾಕನೇದ್ದು ಹಿಡದೆ, ಬೆರಳ ಚೀಪಾಕತ್ತು. ಬಿಟ್ಟೆ. ದಯಾ ಗಿಯಾ ಅಂತ ಬರಕೋಬ್ಯಾಡ, ಅಂಥಾದೇನಿಲ್ಲ. ಉಳದ ಎರಡರಾಗ ಹೆಣ್ಣಿಂದು ಎಡಗಡಿ ಕಿವಿ ಸಲಕಿ ಬಡದು ಹರದಿತ್ತು. ಅದನ್ನೂ ಗಂಡನ್ನೂ ಕಂಬಳ್ಯಾಗ ಹಾಕಿ ರಂಗಂಪೇಟಿ ಸಾಬನ ಕೈಯಾಗ ಕೊಟ್ವಿ."

ಹರಿದ ಕಿವಿಯ ಸಂಗತಿಯನ್ನು ನಾನು ಅವಳಿಗೆ ಹೇಳಿರಲಿಲ್ಲ.

ಉಳಿದದ್ದು ತಾನಾಗಿ ಬಿಡಿಸಿಕೊಂಡಿತು. ಎರಡು ಮರಿ ಒಂದೇ ದಿನ ಬಂದವು ಎಂದು ಬರೆದರೆ ಗವಿ ಅಗೆದದ್ದು ಯಾರು, ಉಳಿದವು ಎಲ್ಲಿ ಎಂಬ ವಿಚಾರಣೆ ಏಳುತ್ತಿತ್ತು. ಒಂಟಿ ಮರಿ ದಾರಿ ತಪ್ಪಿ ಸಿಕ್ಕಿತು ಎಂದರೆ ಯಾರೂ ಕೇಳುವುದಿಲ್ಲ. ಆಗಿನ ಸಾಹೇಬರು ಒಂದನ್ನು ಜನವರಿಯಲ್ಲಿ ಬರೆಸಿದರು, ಇನ್ನೊಂದನ್ನು ಬಚ್ಚಿಟ್ಟು ಸಾಕಿಸಿ ಆಗಸ್ಟ್‌ನಲ್ಲಿ ಬರೆಸಿದರು. ಒಂದು ಕುಟುಂಬವನ್ನು ಜೈಲಿನಿಂದ ಉಳಿಸಲು ಮಾಡಿದ ಕೆಲಸ ಅದು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ವಂಶದ ಪುಸ್ತಕದಲ್ಲಿ ಮನಸ್ಸು ಬರೆಯಲು ಅಂಕಣವಿಲ್ಲ.

"ಇದನ್ನು ಬರೆದು ಕೊಡುತ್ತೀರಾ?" ಎಂದು ಕೇಳಿದೆ.

"ಬರದಿ ಅಂದ್ರ ನಾ ನಿನ್ನ ನೋಡೇ ಇಲ್ಲ ಅಂತೀನಿ. ನಡಿ."

ಮರುದಿನ ಅಧಿಕಾರಿಗೆ ಎಲ್ಲ ಹೇಳಿದೆ, ಅವಳನ್ನೊಬ್ಬಳನ್ನು ಬಿಟ್ಟು. ಆಗಸ್ಟ್‌ನ ಮರಿ, ಹಲ್ಲು, ಕಿವಿ, ಅಗೆದ ಬಿಲ, ಸತ್ತ ಮೂರು ಮರಿ.

"ಯಾರು ಹೇಳ್ಯಾರ?"

"ಗೊತ್ತಿರುವವರು."

"ಹೆಸರು ಬರದು ಕೊಡ್ರಿ. ಇವತ್ತ ಗೇಟ್ ಹಾಕ್ತೀನಿ. ಜೊತಿಗಿ ಅವರ ಮ್ಯಾಲ ಕೇಸೂ ಹಾಕ್ತೀನಿ, ಮೂರು ತ್ವಾಳ ಕೊಂದದ್ದಕ್ಕ. ಎರಡೂ ಕಾಯ್ದೆ ಪ್ರಕಾರ."

ಅವರು ಬೆದರಿಸುತ್ತಿರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದರು. ಹೆಸರು ಕೊಟ್ಟರೆ ಜೋಡಿ ಬೇರೆಯಾಗುತ್ತದೆ, ಆ ಮುದುಕಿ ಒಳಗೆ ಹೋಗುತ್ತಾಳೆ. ಕೊಡದಿದ್ದರೆ ಇನ್ನಷ್ಟು ಕುರುಡು ಮರಿ. ನಿಜ ಹೇಳುವುದಾದರೆ ಆ ಹೆಂಗಸಿನ ಮೇಲೆ ನನಗೆ ಕರುಣೆ ಇರಲಿಲ್ಲ. ಮೂರು ಮರಿ ಹೊಡೆದ ಕೈಯನ್ನು ನಾನು ನೋಡಿದ್ದೆ. ಒಂದು ಸಂಜೆಯೆಲ್ಲ ಹೆಸರು ಬರೆಯುವುದೆಂದೇ ಕೂತಿದ್ದೆ.

ಬರೆಯಲಿಲ್ಲ. ಬೇರೊಂದು ಪತ್ರ ಬರೆದೆ. ಹನ್ನೊಂದು ಮತ್ತು ಹದಿನಾಲ್ಕನೆಯ ನಂಬರಿನ ಪ್ರಾಣಿಗಳು ಅಣ್ಣತಂಗಿ ಎಂದು ನನ್ನ ವಿಚಾರಣೆಯಿಂದ ತಿಳಿದಿದೆ. ಆಗಸ್ಟ್‌ನ ದಾಖಲೆ ತಪ್ಪು; ಅದನ್ನು ಗಮನಿಸಬೇಕಾದ ನಾನು ಗಮನಿಸಲಿಲ್ಲ. ಈ ಜೋಡಿ ನನ್ನ ತಪ್ಪು. ಇವುಗಳಿಂದಲೂ ಇವುಗಳ ಆರು ಮರಿಗಳಿಂದಲೂ ಇನ್ನು ಮುಂದೆ ಎಲ್ಲಿಯೂ ಸಂತಾನ ಪಡೆಯಬಾರದು. ಕೆಳಗೆ ನನ್ನ ಸಹಿ. ಶಹಾಪುರದ ಅಧಿಕಾರಿಗೆ ತೋರಿಸದೆ, ಆರು ಸಂಗ್ರಹಾಲಯಕ್ಕೂ ಮೇಲಿನವರಿಗೂ ಒಂದೇ ಸಲ ಕಳಿಸಿದೆ. ಈ ಜೋಡಿಯ ಮರಿ ಬೇಡ ಎಂದು ಉಳಿದ ಐದು ಕಡೆಯವರು ಹೇಳಿದರೆ ಮೂರನೆಯ ಸೂಲಿಗೆ ಅರ್ಥವಿಲ್ಲ.

ಅಧಿಕಾರಿ ಯಾದಗಿರಿಯಲ್ಲಿ ಸಭೆಯಲ್ಲಿದ್ದರು. ಅಲ್ಲಿಂದಲೇ ಫೋನ್ ಮಾಡಿ, "ನನ್ನ ಮುಖಕ್ಕ ಸಗಣಿ ಬಳದೀರಿ. ಬಿಡಸೂದಿದ್ರ ನೀವ ಬಿಡಸ್ಕೋರಿ. ನನ್ನ ಮಂದಿ ಕೈ ಹಚ್ಚಂಗಿಲ್ಲ," ಎಂದರು.

ಹೆಣ್ಣಿನ ಹಿಂಭಾಗದಲ್ಲಿ ರಕ್ತದ ಕಲೆ ಕಂಡಿತ್ತು. ಬೆದೆ ಶುರುವಾಗಿತ್ತು. ಅವು ಕೂಡಲು ಇನ್ನು ಒಂದು ವಾರ, ಹೆಚ್ಚೆಂದರೆ ಹತ್ತು ದಿನ.

ಬೇರೆ ಮಾಡುವುದು ಕೇಳಲು ಸುಲಭ. ಆವರಣದ ಪಕ್ಕದಲ್ಲಿ ಒಂದು ಸಣ್ಣ ಕೋಣೆ, ನಡುವೆ ಹಗ್ಗ ಎಳೆದರೆ ಬೀಳುವ ಕಬ್ಬಿಣದ ಬಾಗಿಲು. ಒಂದು ದಿನ ಉಪವಾಸ ಕೆಡವಿ ಕೋಣೆಯೊಳಗೆ ಮಾಂಸ ಇಡಬೇಕು. ಒಂದು ಒಳಗೆ ಹೋದಾಗ ಬಾಗಿಲು ಬಿಡಬೇಕು. ಗಂಡು ಮಾಂಸದ ಕಡೆ ನೋಡಲೇ ಇಲ್ಲ, ಹೆಣ್ಣನ್ನು ಬಿಟ್ಟು ಅದು ಒಂದು ಮಾರೂ ಕದಲುತ್ತಿರಲಿಲ್ಲ. ಅರಿವಳಿಕೆಯ ಬಾಣ ಹೊಡೆಯಲು ಅಧಿಕಾರಿಯ ಅನುಮತಿ ಬೇಕು, ಅದು ಇಲ್ಲ. ಎರಡನೆಯ ದಿನ ಹೆಣ್ಣು ಒಳಗೆ ಬಂತು. ನಾನು ಬೇಡಿಕೊಂಡದ್ದಕ್ಕೆ ಹಗ್ಗ ಹಿಡಿದಿದ್ದ ಪಾಲಕ ಎಷ್ಟು ನಿಧಾನವಾಗಿ ಬಿಟ್ಟನೆಂದರೆ ಗಂಡೂ ಒಳಗೆ ಬಂದಾಗಿತ್ತು.

"ನೀನು ಬೇಕೆಂದೇ ಮಾಡಿದೆ," ಎಂದೆ.

"ಹೌದ್ರಿ," ಎಂದ ಅವನು. "ಸಾಹೇಬ್ರು ಬ್ಯಾಡ ಅಂದಾರ. ನೀವು ನಾಳೆ ಹೋಗ್ತೀರಿ, ನಾ ಇಲ್ಲೇ ಇರಬೇಕು."

ಮೂರನೆಯ ದಿನ ಹಗ್ಗ ನಾನೇ ಹಿಡಿದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಗೋಡೆಗೆ ಒತ್ತಿಕೊಂಡು ನಿಂತೆ. ಹೆಣ್ಣು ಬಂತು, ಮೂಸಿತು, ಹಿಂದಕ್ಕೆ ಹೋಯಿತು, ಮತ್ತೆ ಬಂತು. ಅದರ ಬಾಲ ಬಾಗಿಲು ದಾಟಿದ್ದೂ ಗಂಡಿನ ಮೂತಿ ಒಳಗೆ ಬಂದದ್ದೂ ಒಟ್ಟಿಗೆ. ಕೈ ಬಿಟ್ಟೆ. ಬಾಗಿಲು ಅದರ ಮೂತಿಗೆ ಬಡಿದು ಕೆಳಗೆ ಬಿತ್ತು. ಗಂಡು ಹಿಂದೆ ಸರಿದು ನಿಂತಿತು. ಮೂಗಿನಿಂದ ರಕ್ತ ಇಳಿಯುತ್ತಿತ್ತು. ಕೂಗಲಿಲ್ಲ, ಹಾರಲಿಲ್ಲ, ಜಾಲರಿಯ ಆಚೆಯಿಂದ ನನ್ನನ್ನೇ ನೋಡುತ್ತ ನಿಂತಿತು. ಆ ದಿನಗಳಲ್ಲಿ ನನ್ನನ್ನು ಬಹಳ ಜನ ದ್ವೇಷದಿಂದ ನೋಡಿದ್ದರು. ಇದೊಂದೇ ನೋಟವನ್ನು ಎದುರಿಸಲಾಗದೆ ನಾನು ಮುಖ ತಿರುಗಿಸಿದೆ.

ವಿಚಾರಣೆಗೆ ಯಾದಗಿರಿಗೆ ಕರೆದರು. ಯಾರು ಹೇಳಿದ್ದು ಎಂದು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಬಾಯಿಂದ ಕೇಳಿದರು. ಹೇಳುವುದಿಲ್ಲ ಎಂದೆ. ಪುಸ್ತಕದ ಹೊಣೆಯನ್ನು ತಾತ್ಕಾಲಿಕವಾಗಿ ಬೇರೊಬ್ಬರಿಗೆ ಕೊಟ್ಟರು. ಜನವರಿಯ ಕೊನೆಗೆ ಪ್ರಯೋಗಾಲಯದ ವರದಿ ಬಂತು. ಒಂದೇ ತಾಯಿ, ಒಂದೇ ತಂದೆ. ಶಹಾಪುರದ ಅಧಿಕಾರಿ, ತಾವು ಮುನ್ನೆಚ್ಚರಿಕೆಯಾಗಿ ಜೋಡಿಯನ್ನು ಬೇರೆ ಮಾಡಿಸಿದ್ದಾಗಿ ಮೇಲಿನವರಿಗೆ ಬರೆದರು. ಪುಸ್ತಕ ನನಗೆ ವಾಪಸ್ ಬಂತು. ಯಾರೂ ಯಾರ ಕ್ಷಮೆಯನ್ನೂ ಕೇಳಲಿಲ್ಲ, ನಾನೂ ಸೇರಿ. ಗಂಡಿಗೆ ಶಸ್ತ್ರಚಿಕಿತ್ಸೆ ನಾನೇ ಮಾಡಿದೆ: ವೀರ್ಯನಾಳ ಕತ್ತರಿಸಿ ಕಟ್ಟುವುದು, ಅರ್ಧ ಗಂಟೆಯ ಕೆಲಸ. ಅನಂತರ ಆರು ಮರಿಗಳಿಗೆ, ಒಂದೊಂದು ಊರಿಗೆ ಹೋಗಿ. ಗಾಯ ಮಾಗಿ ಎರಡು ತಿಂಗಳು ಕಳೆದ ಮೇಲೆ ಗಂಡು ಹೆಣ್ಣನ್ನು ಮತ್ತೆ ಒಟ್ಟಿಗೆ ಬಿಟ್ಟೆ.

ಆಮೇಲೆ ಒಂದು ದಿನ ದೋರನಹಳ್ಳಿಗೆ ಹೋದೆ. ಯಾರೂ ಹೋಗು ಎಂದಿರಲಿಲ್ಲ. ತೊಗರಿ ಕೊಯ್ದ ಹೊಲದಲ್ಲಿ ಅವಳು ಮಂದೆಯ ಜೊತೆ ನಿಂತಿದ್ದಳು. ವರದಿ ಬಂದದ್ದು ಹೇಳಿದೆ. ನಿಮ್ಮ ಹೆಸರು ಎಲ್ಲಿಯೂ ಬಂದಿಲ್ಲ ಎಂದೆ.

"ನನಗ ಕಾಗದ ಬೇಕಾಗಿದ್ದಿಲ್ಲ," ಎಂದಳು. ಕುರಿಗಳ ಮೇಲಿನ ಕಣ್ಣು ತೆಗೆಯದೆ ಕೇಳಿದಳು, "ಇನ್ನ ಮರಿ ಹಾಕಂಗಿಲ್ಲ ಅವು?"

"ಇಲ್ಲ."

"ಅವುಗಳ ಮರಿ?"

"ಅವೂ ಇಲ್ಲ. ಎಲ್ಲಕ್ಕೂ ಮಾಡಿ ಆಯಿತು."

ಅವಳು ಈಗ ನನ್ನ ಕಡೆ ತಿರುಗಿದಳು. "ಅಂದ್ರ ಆ ಗುದ್ದಿಂದು ಪೂರಾ ಮುಗೀತು. ನಾ ಮೂರಕ್ಕ ನಿಂತಿದ್ದೆ, ಉಳದದ್ದು ನೀ ಮುಗಿಸಿದಿ. ಸಿಕ್ರ ನನಗ ಜೇಲು. ನಿನಗ ಪಗಾರ."

ಅವಳ ಲೆಕ್ಕ ಸರಿಯಾಗಿಯೇ ಇತ್ತು.

"ಹೌದು," ಎಂದೆ.

ಅವಳು ತಲೆಯಾಡಿಸಿ, ಬಡಿಗೆಯಿಂದ ಮುಂದಿನ ಕುರಿಯನ್ನು ತಿವಿದು, ಮಂದೆಯನ್ನು ಕಾಲುವೆಯ ಕಡೆಗೆ ಹೊಡೆದುಕೊಂಡು ಹೋದಳು.